ಕುಕೀ ಬ್ಯಾನರ್ ಹಾಕುವ ಮೊದಲು ಮಾಡಿದ ಕೆಲಸ

ಮೂಡಿಗೆರೆ ಕಡೆಯ ಒಂದು ಹೋಂಸ್ಟೇಯ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸಗಳಲ್ಲೊಂದು. ಮಾಲೀಕರು ಕಾಫಿ ಬೆಳೆಗಾರರು. ಬೆಂಗಳೂರಿನವರ ಜೊತೆಗೆ ಹಕ್ಕಿ ನೋಡಲು ಬರುವ ಜರ್ಮನಿಯವರೂ ಅವರಲ್ಲಿ ಉಳಿಯುತ್ತಾರೆ. ಅದಕ್ಕೇ ಸೈಟಿನಲ್ಲೊಂದು ಜರ್ಮನ್ ಪುಟವಿದೆ, ಬಾಡಿಗೆಯನ್ನು ಯೂರೋದಲ್ಲೂ ಹಾಕಿದ್ದಾರೆ. ಒಂದು ದಿನ ಫೋನ್ ಮಾಡಿ, "ಎಲ್ಲಾ ಸೈಟಲ್ಲೂ ಕೆಳಗೆ ಅದೆಂಥದ್ದೋ ಒಂದು ಪಟ್ಟಿ ಬರ್ತದಲ್ಲ ಮಾರಾಯ್ರೇ, 'ಆಕ್ಸೆಪ್ಟ್ ಆಲ್' ಅಂತ. ನಮ್ಮದಕ್ಕೂ ಒಂದು ಹಾಕಿಬಿಡಿ" ಎಂದರು. ಅವರು ಹೇಳುತ್ತಿದ್ದದ್ದು ಕುಕೀ ಬ್ಯಾನರ್, ಅಂದರೆ ಬಂದವರ ಬ್ರೌಸರ್‌ನಲ್ಲಿ ಕುಕೀ ಎಂಬ ಚಿಕ್ಕ ಗುರುತು ಇಡಲು ಒಪ್ಪಿಗೆ ಕೇಳುವ ಪಟ್ಟಿ.

ಹಾಕುವುದೇನೋ ಸುಲಭ, ಉಚಿತ ಪ್ಲಗಿನ್‌ಗಳು ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಎಷ್ಟೋ ಬರೀ ತೋರಿಕೆಯವು. ಓದುಗ 'ಬೇಡ' ಒತ್ತುವಷ್ಟರಲ್ಲಿ, ಬಂದವರ ಜಾಡು ಹಿಡಿಯುವ ಪುಟ್ಟ ಪ್ರೋಗ್ರಾಂ, ಅಂದರೆ ಟ್ರ್ಯಾಕಿಂಗ್ ಸ್ಕ್ರಿಪ್ಟ್, ತನ್ನ ಕೆಲಸ ಮುಗಿಸಿ ಕೂತಿರುತ್ತದೆ. ಹಾಗಾಗಿ ನಾನು ಅವರಿಗೆ ಹೇಳಿದ್ದು ಇಷ್ಟೇ: ಮೊದಲು ನಿಮ್ಮ ಸೈಟ್ ಬಂದವರ ಬ್ರೌಸರ್‌ನಲ್ಲಿ ಏನೇನು ಇಡುತ್ತಿದೆ ನೋಡೋಣ, ಬೇಡದ್ದನ್ನೆಲ್ಲ ತೆಗೆಯೋಣ, ಆಮೇಲೂ ಒಪ್ಪಿಗೆ ಕೇಳುವಂಥದ್ದು ಉಳಿದರೆ ಪಟ್ಟಿ ಹಾಕೋಣ.

ನೋಡಲು ವಿಶೇಷ ಸಾಫ್ಟ್‌ವೇರ್ ಏನೂ ಬೇಡ. ಕ್ರೋಮ್‌ನಲ್ಲಿ ಹಳೆಯ ಕುಕೀಗಳಿಲ್ಲದ ಖಾಲಿ ಕಿಟಕಿ, ಅಂದರೆ ಇನ್‌ಕಾಗ್ನಿಟೋ ಕಿಟಕಿ ತೆರೆದು, ಸೈಟಿಗೆ ಹೋಗಿ, ಎಫ್12 ಒತ್ತಿ, 'ಅಪ್ಲಿಕೇಶನ್' ಟ್ಯಾಬ್‌ನಲ್ಲಿ 'ಕುಕೀಸ್' ನೋಡಿದರೆ ಸಾಕು. ಫೈರ್‌ಫಾಕ್ಸ್‌ನಲ್ಲಿ ಇದೇ ಪಟ್ಟಿ 'ಸ್ಟೋರೇಜ್' ಟ್ಯಾಬ್‌ನಲ್ಲಿರುತ್ತದೆ. ಪಕ್ಕದ 'ನೆಟ್‌ವರ್ಕ್' ಟ್ಯಾಬ್ ಕೂಡ ತೆರೆದಿಟ್ಟುಕೊಳ್ಳಬೇಕು, ಏಕೆಂದರೆ ಕುಕೀ ಇಡದೆಯೂ ಹೊರಗಿನ ಸರ್ವರ್‌ಗೆ ಹೋಗಿಬರುವ ವಿನಂತಿಗಳು ಅಲ್ಲಿ ಮಾತ್ರ ಕಾಣುತ್ತವೆ. ಹೋಂಸ್ಟೇಯ ಸೈಟಿನಲ್ಲಿ ಸಿಕ್ಕಿದ್ದು: ಬುಕಿಂಗ್ ಫಾರಂಗೆ ಬೇಕಾದ, ಬ್ರೌಸರ್ ಮುಚ್ಚಿದರೆ ಹೋಗುವ ಒಂದು ಸೆಶನ್ ಕುಕೀ, ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನ '_ಜಿಎ' ಮತ್ತು ಅದರ ಜೋಡಿ, ಯಾವತ್ತೋ ನಿಲ್ಲಿಸಿದ ಜಾಹೀರಾತಿನಿಂದ ಉಳಿದಿದ್ದ ಫೇಸ್‌ಬುಕ್ ಪಿಕ್ಸೆಲ್‌ನ (ಜಾಹೀರಾತಿನ ಫಲ ಅಳೆಯುವ ಸ್ಕ್ರಿಪ್ಟ್) '_ಎಫ್‌ಬಿಪಿ', ಜೊತೆಗೆ ಯೂಟ್ಯೂಬ್ ವಿಡಿಯೊ, ಗೂಗಲ್ ಮ್ಯಾಪ್ ಮತ್ತು ಗೂಗಲ್ ಫಾಂಟ್‌ಗಾಗಿ ಹೊರಗೆ ಹೋಗುವ ವಿನಂತಿಗಳು.

ಮಾಲೀಕರಿಗೆ ಕುಕೀ ಎಂದರೇನೆಂದು ಹೇಳಲು ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್ ಉದಾಹರಣೆ ಕೊಟ್ಟೆ. ನಮ್ಮ ಕೈಯಲ್ಲಿರುವುದು ನಂಬರ್ ಮಾತ್ರ, ಯಾವ ನಂಬರ್ ಯಾರದೆಂಬ ಲೆಕ್ಕ ಇರುವುದು ಸ್ಟ್ಯಾಂಡಿನವರ ಹತ್ತಿರ. ವೆಬ್ ಸರ್ವರ್‌ಗೆ ಸ್ವಂತ ನೆನಪಿಲ್ಲ, ಒಂದು ಪುಟ ಕೊಟ್ಟ ಮೇಲೆ ಕೇಳಿದವರು ಯಾರೆಂಬುದು ಮರೆತೇಹೋಗುತ್ತದೆ. 1994ರಲ್ಲಿ ನೆಟ್‌ಸ್ಕೇಪ್‌ನಲ್ಲಿದ್ದ ಲೂ ಮಾಂಟುಲಿ ಕುಕೀ ಮಾಡಿದ್ದು ಈ ತೊಂದರೆಗೆ. ಆನ್‌ಲೈನ್ ಅಂಗಡಿಯ ಬುಟ್ಟಿಯಲ್ಲಿ ಹಾಕಿದ ಸಾಮಾನು ಮುಂದಿನ ಪುಟಕ್ಕೆ ಹೋದರೂ ಉಳಿಯಬೇಕಿತ್ತು. ಇವತ್ತಿಗೂ ಒಂದು ಕುಕೀಯಲ್ಲಿ ಹಿಡಿಸುವುದು ಸುಮಾರು 4 ಕಿಲೋಬೈಟ್ ಅಷ್ಟೇ.

"ಬರೀ ನಂಬರ್ ಇಟ್ಟುಕೊಂಡು ಏನು ಮಾಡ್ತಾರೆ?" ಎಂದು ಕೇಳಿದರು. ತೋಟದ ಆಫೀಸಿಗೆ ಹೋಗಿದ್ದಾಗ ಅವರದೇ ಲ್ಯಾಪ್‌ಟಾಪ್‌ನಲ್ಲಿ '_ಜಿಎ' ಕುಕೀ ತೆರೆದು ತೋರಿಸಿದೆ. ಅದರಲ್ಲಿದ್ದದ್ದು ಇಂಥ ಒಂದು ಸಾಲು: ಜಿಎ1.1.1843206571.1709312400. ನಡುವಿನ ಸಂಖ್ಯೆ ಆ ಬ್ರೌಸರ್‌ಗೆ ಕೊಟ್ಟ ಗುರುತು. ಕೊನೆಯದು, 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳ ಲೆಕ್ಕದಲ್ಲಿ, ಆ ಬ್ರೌಸರ್ ಮೊದಲ ಸಲ ಈ ಸೈಟಿಗೆ ಬಂದ ಹೊತ್ತು. ಲೆಕ್ಕ ಹಾಕಿ ಹೇಳಿದೆ: "2024ರ ಮಾರ್ಚ್ 1, ರಾತ್ರಿ ಹತ್ತೂವರೆ." ಅವರು ಸ್ವಲ್ಪ ಯೋಚಿಸಿ, "ಹೌದು, ಈ ಲ್ಯಾಪ್‌ಟಾಪ್ ತಗೊಂಡ ವಾರ ಅದು. ಊಟ ಆದಮೇಲೆ ಕೂತು ನೋಡಿದ್ದು" ಎಂದರು. ಹೆಸರಿಲ್ಲ, ಫೋನ್ ನಂಬರ್ ಇಲ್ಲ, ಆದರೂ ಮನುಷ್ಯ ಸಿಕ್ಕ. ಆಮೇಲೆ ಅವರಿಗೆ ನಾನು ವಿವರಿಸಬೇಕಾದ್ದು ಬಹಳ ಉಳಿಯಲಿಲ್ಲ.

ಇಲ್ಲಿ ಒಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಬ್ರೌಸರ್‌ಗಳು ಮೂರನೆಯವರ ಕುಕೀ, ಅಂದರೆ ನಾವು ತೆರೆದ ಸೈಟಿನದ್ದಲ್ಲದ ಬೇರೆ ಡೊಮೇನ್ ಇಡುವ ಕುಕೀ, ತಡೆಯುತ್ತವೆ, ಇನ್ನೇನು ಚಿಂತೆ ಎನ್ನುತ್ತಾರೆ. ಸಫಾರಿ 2020ರಿಂದ ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ಸೈಟಿನ ಕುಕೀಯನ್ನು ಬೇರೆಬೇರೆ ಡಬ್ಬಿಯಲ್ಲಿಡುತ್ತಿದೆ. ಕ್ರೋಮ್ ಮಾತ್ರ 2020ರಲ್ಲಿ ತೆಗೆಯುತ್ತೇನೆಂದು ಘೋಷಿಸಿ, ಮುಂದೂಡುತ್ತಾ ಹೋಗಿ, 2024ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಆದರೆ '_ಜಿಎ', '_ಎಫ್‌ಬಿಪಿ' ಎರಡೂ ಮೂರನೆಯವರ ಕುಕೀಗಳೇ ಅಲ್ಲ. ಗೂಗಲ್, ಫೇಸ್‌ಬುಕ್ ಕೊಟ್ಟ ಸ್ಕ್ರಿಪ್ಟನ್ನು ನಾವೇ ನಮ್ಮ ಪುಟದಲ್ಲಿ ಓಡಿಸುತ್ತೇವೆ, ಅದು ನಮ್ಮ ಡೊಮೇನ್ ಹೆಸರಿನಲ್ಲೇ ಕುಕೀ ಇಡುತ್ತದೆ. ಹೀಗಿರುವಾಗ ಜವಾಬ್ದಾರಿಯನ್ನು ಬ್ರೌಸರ್ ಮೇಲೆ ಹಾಕಿ ಕೂರಲಾಗದು.

ಪಿಕ್ಸೆಲ್ ಅನ್ನು ಕೂಡಲೇ ಕಿತ್ತೆ. ಅನಲಿಟಿಕ್ಸ್‌ನಲ್ಲಿ ನಿಮಗೆ ಬೇಕಾದ್ದೇನು ಎಂದು ಮಾಲೀಕರನ್ನು ಕೇಳಿದಾಗ ಬಂದ ಉತ್ತರ: ಎಷ್ಟು ಜನ ನೋಡಿದರು, ಯಾವ ಪುಟ ಹೆಚ್ಚು ಓಡುತ್ತದೆ. ಅಷ್ಟಕ್ಕೆ ಸರ್ವರ್ ಲಾಗ್, ಅಂದರೆ ಯಾವ ಪುಟವನ್ನು ಯಾವಾಗ ಕೇಳಿದರೆಂದು ಸರ್ವರ್ ತಾನೇ ಬರೆದಿಡುವ ದಾಖಲೆ, ಸಾಕು. ಗೋಆಕ್ಸೆಸ್ ಎಂಬ ಉಚಿತ ಸಾಧನ ಲಾಗ್ ಓದಿ ವರದಿ ಕೊಡುತ್ತದೆ, ಬಂದವರ ಇಂಟರ್ನೆಟ್ ಸಂಪರ್ಕದ ಸಂಖ್ಯೆಯಾದ ಐಪಿ ವಿಳಾಸದ ಕೊನೆಯ ಭಾಗ ಅಳಿಸುವ ಆಯ್ಕೆಯೂ ಅದರಲ್ಲಿದೆ. ಹಳೆಯ ಲಾಗ್ ಒಂದು ತಿಂಗಳಿಗೆ ತಾನಾಗಿ ಅಳಿಯುವಂತೆ ಇಟ್ಟೆ. ಮ್ಯಾಪ್ ಬದಲು ಒಂದು ಚಿತ್ರ ಹಾಕಿ, ಒತ್ತಿದರೆ ಮ್ಯಾಪ್ ಆ್ಯಪ್ ತೆರೆಯುವಂತೆ ಮಾಡಿದೆ. ಘಾಟಿ ರಸ್ತೆಯಲ್ಲಿ ಬರುವವರಿಗೆ ಹೇಗೂ ಬೇಕಾಗುವುದು ಅದೇ. ಯೂಟ್ಯೂಬ್‌ಗೆ 'ನೋಕುಕೀ' ಎಂಬ ವಿಳಾಸವಿದೆ, ಆದರೆ ಅದರಲ್ಲೂ ಪುಟ ತೆರೆದ ಕೂಡಲೇ ಬ್ರೌಸರ್ ಗೂಗಲ್ ಸರ್ವರನ್ನು ಮುಟ್ಟಿ ಬರುತ್ತದೆ. ಅದಕ್ಕೆ ವಿಡಿಯೊದ ಜಾಗದಲ್ಲಿ ನಮ್ಮ ಸರ್ವರ್‌ನಲ್ಲೇ ಇರುವ ಫೋಟೊ ಇಟ್ಟೆ. ಒತ್ತಿದವರಿಗೆ ಮಾತ್ರ ವಿಡಿಯೊ ಲೋಡ್ ಆಗುತ್ತದೆ.

ಫಾಂಟ್ ವಿಚಾರಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕನ್ನಡ ಪುಟಗಳಿಗೆ ನೋಟೋ ಸಾನ್ಸ್ ಕನ್ನಡ ಗೂಗಲ್‌ನಿಂದ ಬರುತ್ತಿತ್ತು. ಫಾಂಟ್ ತರಿಸಿದಾಗ ಕುಕೀ ಬರದಿದ್ದರೂ ಓದುಗರ ಐಪಿ ವಿಳಾಸ ಹೋಗುತ್ತದೆ. 2022ರ ಜನವರಿಯಲ್ಲಿ ಮ್ಯೂನಿಕ್‌ನ ಕೋರ್ಟ್ ಇದೇ ಕಾರಣಕ್ಕೆ ಒಂದು ಸೈಟಿನವರು ಓದುಗರೊಬ್ಬರಿಗೆ 100 ಯೂರೋ ಕೊಡಬೇಕೆಂದಿತ್ತು. ನೋಟೋ ಮುಕ್ತ ಪರವಾನಗಿಯ ಫಾಂಟ್, ಇಳಿಸಿ ನಮ್ಮ ಸರ್ವರ್‌ನಲ್ಲಿ ಇಟ್ಟುಕೊಳ್ಳಬಹುದು. ಫೈಲ್ ಚಿಕ್ಕದು ಮಾಡುವಾಗ ಮಾತ್ರ ಕೈ ಹಿಡಿತದಲ್ಲಿರಲಿ. ಇಂಗ್ಲಿಷ್ ಫಾಂಟಿನಂತೆ ಬೇಕಾದ ಅಕ್ಷರಗಳನ್ನಷ್ಟೇ ಆರಿಸಿ ಅಕ್ಷರಜೋಡಣೆಯ ನಿಯಮಗಳನ್ನು ಬಿಟ್ಟರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಬೀಳುತ್ತವೆ. ನಾನು 'ಲಕ್ಷ್ಮಿ', 'ಸ್ವಾತಂತ್ರ್ಯ', 'ರ‍್ಯಾಲಿ' ಎಂಬ ಪದಗಳನ್ನು ಒಂದು ಪುಟದಲ್ಲಿ ಹಾಕಿ ಪರೀಕ್ಷೆ ಮಾಡಿಕೊಳ್ಳುತ್ತೇನೆ. ಈ ಮೂರು ಸರಿ ಬಂದರೆ ಉಳಿದದ್ದು ಸಾಮಾನ್ಯವಾಗಿ ಸರಿ ಇರುತ್ತದೆ.

ಕೊನೆಗೆ ಉಳಿದದ್ದು ಸೆಶನ್ ಕುಕೀ ಒಂದೇ. ಅದಿಲ್ಲದೆ ಬುಕಿಂಗ್ ನಡೆಯದು, ಹಾಗಾಗಿ ಅದನ್ನು ಬಿಗಿ ಮಾಡಿದೆ. 'ಸೆಕ್ಯೂರ್' ಹಾಕಿದರೆ ಕುಕೀ ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕದಲ್ಲಿ ಮಾತ್ರ ಹೋಗುತ್ತದೆ. 'ಎಚ್‌ಟಿಟಿಪಿ-ಓನ್ಲಿ' ಹಾಕಿದರೆ ಪುಟದೊಳಗೆ ಯಾವುದೋ ಸ್ಕ್ರಿಪ್ಟ್ ನುಸುಳಿದರೂ ಅದಕ್ಕೆ ಕುಕೀ ಓದಲಾಗದು. 'ಸೇಮ್‌ಸೈಟ್' ಅನ್ನು 'ಲ್ಯಾಕ್ಸ್' ಮಾಡಿದರೆ ಬೇರೆ ಸೈಟಿನಿಂದ ಕಳಿಸಿದ ಫಾರಂ ಜೊತೆ ಕುಕೀ ಹೋಗುವುದಿಲ್ಲ. ಈ ಮೂರನೆಯದರಲ್ಲಿ ಒಂದು ಸಿಕ್ಕು ಇದೆ. ಮುಂಗಡ ಕಟ್ಟಿದ ಮೇಲೆ ದುಡ್ಡು ಪಡೆಯುವ ಸೈಟ್, ಅಂದರೆ ಪೇಮೆಂಟ್ ಗೇಟ್‌ವೇ, ಅತಿಥಿಯನ್ನು ನಮ್ಮ ಸೈಟಿಗೆ 'ಪೋಸ್ಟ್' (ಫಾರಂ ಕಳಿಸುವ ವಿಧಾನ) ಮೂಲಕ ವಾಪಸ್ ಕಳಿಸುವಂತಿದ್ದರೆ ಅದೂ ಹೊರಗಿನ ಫಾರಮ್ಮೇ. ಸೆಶನ್ ಕುಕೀ ಬರುವುದಿಲ್ಲ, ದುಡ್ಡು ಕಟ್ಟಿದ ಅತಿಥಿಗೆ ಖಾಲಿ ಪುಟ ಕಾಣುತ್ತದೆ. ಎಷ್ಟೋ ಜನ ಇದಕ್ಕೆ 'ಸೇಮ್‌ಸೈಟ್' ಅನ್ನೇ ಸಡಿಲಿಸಿಬಿಡುತ್ತಾರೆ, ನನಗದು ಒಪ್ಪಿಗೆಯಿಲ್ಲ. ವಾಪಸ್ ಬರುವ ವಿಳಾಸದಲ್ಲಿ ಸೆಶನ್ ತೆರೆಯದೆ, ಗೇಟ್‌ವೇ ಕಳಿಸಿದ ಸಹಿ ಮತ್ತು ಆರ್ಡರ್ ನಂಬರ್ ಮಾತ್ರ ತಾಳೆ ನೋಡಿ, ಅಲ್ಲಿಂದ ಮಾಮೂಲಿ ಪುಟಕ್ಕೆ ತಿರುಗಿಸಿದೆ. ಆ ಪುಟಕ್ಕೆ ಕುಕೀ ಸರಿಯಾಗಿ ಬರುತ್ತದೆ.

ಕಾನೂನಿನ ಮಾತಿಗೆ ಬಂದರೆ, ಕೇಳಿದ ಸೇವೆ ಕೊಡಲು ಅನಿವಾರ್ಯವಾದ ಕುಕೀಗೆ ಯುರೋಪಿನಲ್ಲೂ ಒಪ್ಪಿಗೆ ಬೇಕಿಲ್ಲ. ಅಲ್ಲಿಗೆ ಮಾಲೀಕರು ಕೇಳಿದ ಪಟ್ಟಿಯೇ ಬೇಡವಾಯಿತು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕುಕೀ ಎಂಬ ಪದವನ್ನೇ ಎತ್ತುವುದಿಲ್ಲ, ಆದರೆ ವ್ಯಕ್ತಿಯನ್ನು ಗುರುತಿಸಬಲ್ಲ ಯಾವ ದತ್ತಾಂಶವಾದರೂ ಅದರ ವ್ಯಾಪ್ತಿಗೆ ಬರುತ್ತದೆ. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾಗಿ, ಮುಖ್ಯ ಬಾಧ್ಯತೆಗಳಿಗೆ 18 ತಿಂಗಳ ಕಾಲಾವಕಾಶ ಸಿಕ್ಕಿದೆ. ಇದರ ಬುಡದಲ್ಲಿರುವುದು 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಆ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಾಗಲಿ ಓದುವ ಆಯ್ಕೆ ಜನರಿಗಿರಬೇಕು ಎಂದೂ ಕಾಯ್ದೆ ಹೇಳುತ್ತದೆ. ಹಾಗಾಗಿ ಗೋಪ್ಯತಾ ಪುಟವನ್ನು ಮೊದಲು ಕನ್ನಡದಲ್ಲೇ ಬರೆದೆ: "ನೀವು ಬುಕಿಂಗ್ ಶುರು ಮಾಡಿದಾಗ ಒಂದು ಕುಕೀ ಇಡುತ್ತೇವೆ. ಬ್ರೌಸರ್ ಮುಚ್ಚಿದರೆ ಅದು ಹೋಗುತ್ತದೆ. ಹೆಸರು, ಫೋನ್ ನಂಬರನ್ನು ಕೋಣೆ ಕಾಯ್ದಿರಿಸಲು ಮಾತ್ರ ಬಳಸುತ್ತೇವೆ." ವಕೀಲರ ಭಾಷೆಯ ಪುಟಗಳನ್ನು ಎಲ್ಲಿಂದಲೋ ನಕಲು ಮಾಡಿ ಅಂಟಿಸುವ ರೂಢಿ ನನಗೆ ಹಿಡಿಸುವುದಿಲ್ಲ. ಮಾಡದ ಕೆಲಸವನ್ನೂ ಮಾಡುತ್ತೇವೆಂದು ಅವು ಬರೆದುಕೊಂಡಿರುತ್ತವೆ.

ಎಲ್ಲ ಗಿರಾಕಿಗಳಿಗೂ ಇದು ನಡೆಯುವುದಿಲ್ಲ. ಇಳಕಲ್ ಸೀರೆ ಮಾರುವ ಇನ್ನೊಬ್ಬರಿಗೆ ಇನ್‌ಸ್ಟಾಗ್ರಾಂ ಜಾಹೀರಾತೇ ವ್ಯಾಪಾರದ ಬೆನ್ನೆಲುಬು, ಪಿಕ್ಸೆಲ್ ಬೇಕೇ ಬೇಕು. ಅಲ್ಲಿ ಪಟ್ಟಿ ಹಾಕಿದೆ, ಆದರೆ ಒಪ್ಪಿಗೆ ಸಿಗುವವರೆಗೆ ಪಿಕ್ಸೆಲ್‌ನ ಸ್ಕ್ರಿಪ್ಟ್ ಲೋಡೇ ಆಗದಂತೆ. 'ಬೇಡ' ಗುಂಡಿ 'ಸರಿ' ಗುಂಡಿಯಷ್ಟೇ ದೊಡ್ಡದು, ಅದೇ ಬಣ್ಣದ್ದು. ನಿರಾಕರಿಸುವುದನ್ನು ಒಪ್ಪುವುದಕ್ಕಿಂತ ಕಷ್ಟ ಮಾಡಿದ್ದಕ್ಕೆ ಫ್ರಾನ್ಸಿನ ನಿಯಂತ್ರಕರು 2022ರ ಆರಂಭದಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದ್ದರು. ಮನಸ್ಸು ಬದಲಿಸುವವರಿಗಾಗಿ ಪ್ರತಿ ಪುಟದ ಅಡಿಯಲ್ಲೂ ಒಂದು ಕೊಂಡಿ ಇದೆ. ಜಾಹೀರಾತು ನೋಡಿಕೊಳ್ಳುವ ಹುಡುಗ, "ಅಣ್ಣಾ, ನಂಬರ್ ಬಿದ್ದೋಯ್ತು" ಎಂದು ಗೊಣಗಿದ. ಬಿದ್ದದ್ದು ಎಣಿಕೆ, ಮಾರಾಟ ಬಿದ್ದಿಲ್ಲ ಎಂದು ಆರ್ಡರ್ ಪಟ್ಟಿ ತೋರಿಸಿದ ಮೇಲೆ ಸುಮ್ಮನಾದ.

ಹೋಂಸ್ಟೇಯ ಸೈಟನ್ನು ಈಗಲೂ ಪ್ರತಿ ಅಪ್‌ಡೇಟ್ ಆದಮೇಲೆ ಖಾಲಿ ಕಿಟಕಿಯಲ್ಲಿ ತೆರೆದು ಕುಕೀ ಪಟ್ಟಿ ನೋಡುತ್ತೇನೆ, ಏಕೆಂದರೆ ಪ್ಲಗಿನ್‌ಗಳು ಹೇಳದೆ ಕೇಳದೆ ಹೊಸದನ್ನು ಸೇರಿಸುತ್ತವೆ. ಈಚೆಗೆ ಮಾಲೀಕರ ಅಳಿಯ ಮೂಲೆಯಲ್ಲಿ ಚಾಟ್ ಬಾಕ್ಸ್ ಬೇಕೆಂದರು. ಅದರ ಸ್ಕ್ರಿಪ್ಟ್ ಓಡಿಸಿ ನೋಡಿದರೆ ಪುಟ ತೆರೆಯುತ್ತಲೇ ಕುಕೀಗಳ ಸಾಲೇ ಬಂತು. ಅದನ್ನು ಬಿಟ್ಟು ವಾಟ್ಸಾಪ್‌ಗೆ ಹೋಗುವ ನೇರ ಲಿಂಕ್ ಹಾಕಿಕೊಟ್ಟೆ. ವಿಚಾರಣೆಗಳೆಲ್ಲ ಈಗ ಅದರಲ್ಲೇ ಬರುತ್ತಿವೆ.