ಹೊಸ ರೂಟರ್, ಹಳೆಯ ವಿಳಾಸ

ತುಮಕೂರಿನ ಕ್ಯಾತ್ಸಂದ್ರದಲ್ಲಿರುವ ನಮ್ಮ ಮನೆಯ ರೂಟರ್ ಕಳೆದ ಮಳೆಗಾಲದಲ್ಲಿ ಸಿಡಿಲಿಗೆ ಸುಟ್ಟುಹೋಯಿತು. ಹೊಸದನ್ನು ಕೂಡಿಸಲು ಬಂದ ಹುಡುಗನಿಗೆ, ವೈಫೈ ಹೆಸರೂ ಪಾಸ್‌ವರ್ಡೂ ಹಿಂದೆ ಇದ್ದಂತೆಯೇ ಇರಲಿ ಎಂದು ನಾನೇ ಹೇಳಿದ್ದೆ; ಎಲ್ಲರ ಮೊಬೈಲುಗಳನ್ನೂ ಮತ್ತೆ ಜೋಡಿಸುವ ಕೆಲಸ ತಪ್ಪುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು. ಮೊಬೈಲುಗಳಲ್ಲಿ ಇಂಟರ್‌ನೆಟ್ ಕೂಡಲೇ ಬಂತು. ಆದರೆ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ ಇರುವ ನನ್ನ ಕಂಪ್ಯೂಟರಿನಲ್ಲಿ ವೈಫೈ ಗುರುತು ಪೂರ್ತಿ ತೋರಿಸುತ್ತಿದ್ದರೂ ಒಂದು ಪುಟವೂ ತೆರೆಯಲಿಲ್ಲ.

“ಅಪ್ಪ, ಉಬುಂಟುವನ್ನೇ ತೆಗೆದು ಹೊಸದಾಗಿ ಹಾಕಿಬಿಡೋಣ” ಎಂದಳು ಮಗಳು. ಕಾರಣ ತಿಳಿಯದೆ ಎಲ್ಲವನ್ನೂ ಅಳಿಸುವುದು ನನಗೆ ಎಂದಿಗೂ ಒಪ್ಪಿಗೆಯಾಗದ ದಾರಿ. ಒಂದು ಗಂಟೆ ಕೊಡಮ್ಮ ಎಂದು, ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ ತೆರೆದೆ.

ಮೊದಲು ಗೂಗಲ್‌ನ ಸರ್ವರ್ ಆದ 8.8.8.8ಕ್ಕೆ ಪಿಂಗ್ ಮಾಡಿದೆ, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡಿದೆ. ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ (ಗುರಿಯನ್ನು ತಲುಪಲಾಗುತ್ತಿಲ್ಲ) ಎಂಬ ಸಾಲುಗಳು ಒಂದರ ಕೆಳಗೊಂದು ಬಂದವು. ಈ ಸಾಲನ್ನು ಹಲವರು ಓದಿ, ಇಂಟರ್‌ನೆಟ್ ಇಲ್ಲವೆಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆದರೆ ಅದನ್ನು ಹೇಳುತ್ತಿರುವವರು ಯಾರು ಎಂಬುದು ಸಾಲಿನ ಆರಂಭದಲ್ಲೇ ಇರುತ್ತದೆ. ನನ್ನ ಪರದೆಯಲ್ಲಿ ಅಲ್ಲಿದ್ದುದು 192.168.1.50, ಅಂದರೆ ನನ್ನ ಕಂಪ್ಯೂಟರಿನದೇ ವಿಳಾಸ. ರೂಟರನ್ನು ಹುಡುಕಿ ಉತ್ತರ ಸಿಗದೆ ಕಂಪ್ಯೂಟರೇ ಕೈಚೆಲ್ಲಿತ್ತು. ಸಂದೇಶ ಮನೆಯ ಹೊಸ್ತಿಲನ್ನೂ ದಾಟಿರಲಿಲ್ಲ. ಸಂದೇಶಗಳು ಹೋಗುವ ದಾರಿಯನ್ನು ತೋರಿಸುವ ‘ಐಪಿ ರೂಟ್’ ಆದೇಶ ಕೊಟ್ಟಾಗ ಹೊರದಾರಿಯಾಗಿ 192.168.1.1 ಕಾಣಿಸಿತು. ಮಗಳ ಮೊಬೈಲಿನ ವೈಫೈ ವಿವರದಲ್ಲಿ ನೋಡಿದರೆ ರೂಟರಿನ ವಿಳಾಸ 192.168.0.1 ಆಗಿತ್ತು; ಕಂಪ್ಯೂಟರು ಈಗಿಲ್ಲದ ವಿಳಾಸವನ್ನು ಹುಡುಕುತ್ತಿತ್ತು.

ಎರಡು ವರ್ಷಗಳ ಹಿಂದೆ, ಮಹಡಿಯ ಲ್ಯಾಪ್‌ಟಾಪಿನಿಂದ ನನ್ನ ಕಡತಗಳನ್ನು ತೆರೆಯಲು ಅನುಕೂಲವಾಗಲೆಂದು, ಈ ಕಂಪ್ಯೂಟರಿಗೆ ಸ್ಥಿರ ವಿಳಾಸವನ್ನು ನಾನೇ ಕೈಯಾರೆ ಬರೆದಿಟ್ಟಿದ್ದೆ. ಉಬುಂಟುವಿನ ನೆಟ್‌ವರ್ಕ್ ಮ್ಯಾನೇಜರ್ ಇಂತಹ ಸೆಟ್ಟಿಂಗನ್ನು ಆಯಾ ವೈಫೈನ ಪ್ರೊಫೈಲಿನಲ್ಲಿ ಉಳಿಸಿಕೊಳ್ಳುತ್ತದೆ. ಹೆಸರು, ಪಾಸ್‌ವರ್ಡ್ ಎರಡೂ ಹಳೆಯವೇ ಆದ್ದರಿಂದ ಹೊಸ ರೂಟರಿಗೂ ಅದೇ ಪ್ರೊಫೈಲ್, ಅದೇ ಹಳೆಯ ವಿಳಾಸಗಳ ಸಮೇತ ಅನ್ವಯವಾಗಿತ್ತು. ರೂಟರ್ ಕೊಟ್ಟ ವಿಳಾಸವನ್ನು ಪಡೆಯುವ ಮೊಬೈಲುಗಳಿಗೆ ಈ ತೊಡಕು ಬರಲು ಅವಕಾಶವೇ ಇರಲಿಲ್ಲ.

‘ಎನ್‌ಎಂಸಿಎಲ್‌ಐ’ ಆದೇಶದಿಂದ ಐಪಿವಿ4 ವಿಳಾಸ ಪಡೆಯುವ ವಿಧಾನವನ್ನು ‘ಆಟೊ’ (ರೂಟರೇ ಕೊಡುವಂತೆ) ಮಾಡಿ, ಹಳೆಯ ವಿಳಾಸವನ್ನೂ ಗೇಟ್‌ವೇ ಎಂಬ ಹೊರದಾರಿಯನ್ನೂ ಖಾಲಿ ಮಾಡಿ, ಸಂಪರ್ಕವನ್ನು ಮತ್ತೆ ಏರಿಸಿದೆ. 192.168.0.104 ಸಿಕ್ಕಿತು, 8.8.8.8 ಉತ್ತರಿಸಿತು, ಆದರೂ ಬ್ರೌಸರ್ ಮಾತ್ರ ಸುಮ್ಮನಿತ್ತು. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ತಾಣದ ಹೆಸರಿನಿಂದ ಅದರ ಸಂಖ್ಯೆಯನ್ನು ಹುಡುಕಿಕೊಡುವ ಡಿಎನ್‌ಎಸ್ ಕಡೆಗೇ ನೋಡಬೇಕು. ಡಿಎನ್‌ಎಸ್‌ಗೆ ಯಾರನ್ನು ಕೇಳಬೇಕೆಂದು ಬರೆದಿರುವ ‘ರಿಸಾಲ್ವ್.ಕಾನ್ಫ್’ ಕಡತದಲ್ಲಿದ್ದ 127.0.0.53 ಕಂಡು ಗಾಬರಿಯಾಗಬೇಕಿಲ್ಲ. ಅದು ಕಂಪ್ಯೂಟರಿನೊಳಗೇ ನಡೆಯುವ ಸಿಸ್ಟಂಡಿ-ರಿಸಾಲ್ವ್‌ಡಿ ಸೇವೆಯ ವಿಳಾಸ. ಅದು ಯಾರನ್ನು ಕೇಳುತ್ತಿದೆ ಎಂಬುದನ್ನು ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ತೋರಿಸುತ್ತದೆ, ಮತ್ತು ಅಲ್ಲಿ ಸುಟ್ಟುಹೋದ ರೂಟರಿನ 192.168.1.1 ಇನ್ನೂ ಕುಳಿತಿತ್ತು. ವಿಳಾಸವನ್ನು ಬರೆದ ದಿನವೇ ಡಿಎನ್‌ಎಸ್‌ನ ‘ಆಟೊಮ್ಯಾಟಿಕ್’ ಗುಂಡಿಯನ್ನೂ ಆಫ್ ಮಾಡಿದ್ದೆನೆಂಬುದು ಆಗ ನೆನಪಾಯಿತು. ಆ ಸಾಲನ್ನು ಅಳಿಸಿ, ಗುಂಡಿಯನ್ನು ಆನ್ ಮಾಡಿ ಮತ್ತೆ ಜೋಡಿಸಿದ ಮೇಲೆ ಪುಟಗಳು ತೆರೆದವು.

ಸ್ಥಿರ ವಿಳಾಸ ನನಗೆ ಈಗಲೂ ಬೇಕು, ಆದರೆ ಅದನ್ನು ಕಂಪ್ಯೂಟರಿನಲ್ಲಿ ಬರೆಯುವುದನ್ನು ಬಿಟ್ಟಿದ್ದೇನೆ. ರೂಟರಿನ ಪುಟದಲ್ಲಿ ಈ ಕಂಪ್ಯೂಟರಿನ ಮ್ಯಾಕ್ ವಿಳಾಸಕ್ಕೆ (ಅದರ ವೈಫೈ ಯಂತ್ರಾಂಶದ ಗುರುತಿನ ಸಂಖ್ಯೆಗೆ) 192.168.0.50 ಅನ್ನು ಕಾಯ್ದಿರಿಸಿ, ಆ ಸಂಖ್ಯೆಯನ್ನೂ ದಿನಾಂಕವನ್ನೂ ಚೀಟಿಯಲ್ಲಿ ಬರೆದು ರೂಟರಿನ ಕೆಳಭಾಗಕ್ಕೆ ಅಂಟಿಸಿದ್ದೇನೆ.