ವಯೊಲಿನ್ ಮ್ಯಾಂಟಿಸ್‌ಗಳನ್ನು ಒಂದೇ ಗೂಡಲ್ಲಿ ಸಾಕಿದೆ: ನನ್ನ ಅನುಭವ

ಮ್ಯಾಂಟಿಸ್ ಅಂದರೆ ಕೈ ಮುಗಿದಂತೆ ಮುಂಗಾಲು ಮಡಚಿ ಕೂತು ಬೇಟೆಯಾಡುವ ಹುಳ. ನನ್ನ ವಯೊಲಿನ್ ಮ್ಯಾಂಟಿಸ್‌ಗಳು ಈಗ ಮೂರನೇ ತಲೆಮಾರಿಗೆ ಬಂದಿವೆ. ಎಲ್ಲವೂ ಒಂದೇ ಗೂಡಲ್ಲಿ, ಒಣ ಗಾಳಿಯಲ್ಲಿ, ಪಕ್ಕದಲ್ಲಿ ಸಣ್ಣ ಫ್ಯಾನ್ ತಿರುಗುತ್ತಿರುವಾಗಲೇ ಬೆಳೆದವು. ಶುರುವಿನಲ್ಲಿ ಇದನ್ನು ಹೇಳಿದಾಗ ಮ್ಯಾಂಟಿಸ್ ಸಾಕುವ ಹಳಬರು ಯಾರೂ ಒಪ್ಪಲಿಲ್ಲ. "ಒಟ್ಟಿಗೆ ಬಿಟ್ರೆ ಒಂದನ್ನೊಂದು ತಿಂದು ಕೊನೆಗೆ ಒಂದೇ ಉಳಿಯೋದು" ಅಂದರು ಒಬ್ಬರು. "ಫ್ಯಾನ್ ಹಾಕಿದ್ರೆ ಪೊರೆ ಮೈಗೇ ಅಂಟಿಕೊಂಡು ಸಾಯ್ತವೆ" ಅಂದರು ಇನ್ನೊಬ್ಬರು. ಈಗ ಇಬ್ಬರೂ ನನ್ನ ಹತ್ತಿರ ಮೊಟ್ಟೆಗೂಡು ಕೇಳಿದ್ದಾರೆ. ಅದಕ್ಕೇ ಬರೆಯಲು ಕೂತೆ.

ಮ್ಯಾಂಟಿಸ್ ಸಾಕುವವರಲ್ಲಿ ಒಂದು ರೂಢಿ ಇದೆ. ಮಾಮೂಲಿ ಹಸಿರು ಮ್ಯಾಂಟಿಸ್‌ಗೆ ಹೊಂದುವ ಕ್ರಮವನ್ನೇ ಎಲ್ಲದಕ್ಕೂ ಹಾಕೋದು. ಒಂದಕ್ಕೊಂದು ಡಬ್ಬ, ದಿನಕ್ಕೆರಡು ಸಲ ನೀರು ಸಿಂಪಡಿಸೋದು, ಸಿಕ್ಕಿದ ಹುಳ ಕೊಡೋದು. ಪ್ರಪಂಚದಲ್ಲಿ ಇವುಗಳ ಸುಮಾರು 2,400 ಜಾತಿಗಳಿವೆ. ಮಲೇಷ್ಯಾದ ಮಳೆಕಾಡಿನ ತರಗೆಲೆಯಲ್ಲಿ ಅಡಗುವ ಡೆರೋಪ್ಲಾಟಿಸ್ ಇದೆ. ಮರುಭೂಮಿಯ ಬಿಸಿ ಕಲ್ಲು, ಮರಳಿನ ಮೇಲೆ ಓಡಾಡುವ ಎರೆಮಿಯಾಫಿಲಾ ಇದೆ. ಎರಡಕ್ಕೂ ಒಂದೇ ಕ್ರಮ ಅಂದ್ರೆ ಹೇಗೆ? ಹುಳ ಎಲ್ಲಿಯದು ಅಂತ ಮೊದಲು ತಿಳಿದುಕೊಳ್ಳಬೇಕು. ಗೂಡಿನ ವಿಚಾರ ಆಮೇಲೆ.

ವಯೊಲಿನ್ ಮ್ಯಾಂಟಿಸ್, ಅಂದರೆ ಗಾಂಗೈಲಸ್ ಗಾಂಗೈಲೋಡಿಸ್, ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಒಣ ಕುರುಚಲು ಪ್ರದೇಶದ್ದು. ಅಲ್ಲಿ ಬಿಸಿಲು, ಗಾಳಿ ಎರಡೂ ಜಾಸ್ತಿ. ಹುಳ ಕಡ್ಡಿಗೆ ನೇತಾಡಿಕೊಂಡು ಗಾಳಿಗೆ ಓಲಾಡುತ್ತದೆ, ಹಾರಿ ಬರುವ ನೊಣವನ್ನು ಹಿಡಿಯುತ್ತದೆ. ನೆಲದಲ್ಲಿ ಹರಿದಾಡುವ ಹುಳವನ್ನು ಹೆಚ್ಚು ಕಡಿಮೆ ಮೂಸಿಯೂ ನೋಡಲ್ಲ.

ಮೊದಲ ಎರಡು ತಂಡ ಹಳಬರ ಕ್ರಮದಲ್ಲೇ ಬೆಳೆಸಿದೆ. ಗಾಜಿನ ಪೆಟ್ಟಿಗೆ, ತೇವ ಅಳೆಯುವ ಮೀಟರ್, ತಾನಾಗೇ ನೀರು ಸಿಂಪಡಿಸುವ ಯಂತ್ರ, ಎಲ್ಲಕ್ಕೂ ದುಡ್ಡು ಸುರಿದೆ. ಮರಿಗಳು ಮೂರನೇ, ನಾಲ್ಕನೇ ಪೊರೆಯ ಹೊತ್ತಿಗೆ ಸಾಯತೊಡಗಿದವು. ಹೊಟ್ಟೆ ಕಪ್ಪಾಗೋದು, ಬಾಯಿಂದ ಕಂದು ನೀರು ಬರೋದು, ಮಾರನೇ ದಿನ ತಳದಲ್ಲಿ ಬಿದ್ದಿರೋದು. ಉಳಿದವು ಗಾಜಿನ ಮುಚ್ಚಳದಲ್ಲಿ ಹಿಡಿತ ಸಿಗದೆ, ಪೊರೆ ಬಿಡುವಾಗ ಜಾರಿ ಬಿದ್ದು ಕಾಲು ಸೊಟ್ಟ ಮಾಡಿಕೊಂಡವು. ಒಂದು ತಂಡದಲ್ಲಿ ರೆಕ್ಕೆ ಬಂದದ್ದು ನಾಲ್ಕೋ ಐದೋ. ಅದರಲ್ಲಿ ಹೆಣ್ಣು ಒಂದೇ.

ಮೂರನೇ ತಂಡಕ್ಕೆ ಗಾಜು ಬಿಟ್ಟೆ. ಆರೂ ಕಡೆ ಬಲೆ ಇರುವ ಗೂಡು ಹೊಲಿಸಿದೆ. ಎತ್ತರ ಸುಮಾರು 60 ಸೆಂಟಿಮೀಟರ್. ಮೇಲಿನ ಒಂದು ಮೂಲೆಗೆ ಮಾತ್ರ ಹೊರಗಿಂದ ದೀಪ. ಆ ಮೂಲೆಯಲ್ಲಿ ಹಗಲು 35–37 ಡಿಗ್ರಿ, ತಳದಲ್ಲಿ 28ರ ಆಸುಪಾಸು, ರಾತ್ರಿ ದೀಪ ಆರಿಸಿದರೆ 22ಕ್ಕೆ ಇಳಿಯುತ್ತದೆ. ಹುಳಗಳು ತಮಗೆ ಬೇಕಾದ ಜಾಗ ತಾವೇ ಹುಡುಕಿಕೊಳ್ಳುತ್ತವೆ. ಸಂಜೆ ಒಂದೇ ಸಲ ತೆಳ್ಳಗೆ ನೀರು. ಅರ್ಧ ಗಂಟೆಯಲ್ಲಿ ಪೂರ್ತಿ ಒಣಗಬೇಕು. ಕುಡಿಯಲು ಅಷ್ಟು ಸಾಕು. ಫ್ಯಾನ್ ಬಲೆಯಿಂದ ಒಂದು ಮೊಳ ದೂರ, ಕಡಿಮೆ ವೇಗದಲ್ಲಿ. ಗಾಳಿ ತಾಗಿದ ಕೂಡಲೇ ಎಲ್ಲವೂ ಒಟ್ಟಿಗೆ ಓಲಾಡತೊಡಗುತ್ತವೆ. ಅದನ್ನು ಎಷ್ಟು ಹೊತ್ತು ನೋಡಿದರೂ ನನಗೆ ಸಾಕಾಗಲ್ಲ.

ಒಟ್ಟಿಗೆ ಬಿಡಲು ಎರಡೇ ಷರತ್ತು. ಮರಿಗಳು ಒಂದೇ ಅಳತೆಯವಾಗಿರಬೇಕು, ಗೂಡಲ್ಲಿ ನೊಣ ಖಾಲಿಯಾಗಬಾರದು. ಇದನ್ನು ಹಸಿರು ಮ್ಯಾಂಟಿಸ್‌ಗೆ ಮಾಡಲು ಹೋಗಬೇಡಿ, ನಿಜಕ್ಕೂ ಒಂದೇ ಉಳಿಯುತ್ತದೆ. ವಯೊಲಿನ್, ಆಫ್ರಿಕಾದ ಘೋಸ್ಟ್ ಮ್ಯಾಂಟಿಸ್, ಇಂಥ ಕೆಲವಕ್ಕೆ ಮಾತ್ರ ಈ ತಾಳ್ಮೆ ಇದೆ. ಮೂವತ್ತು ಚಿಲ್ಲರೆ ಮರಿಗಳಲ್ಲಿ ಇಪ್ಪತ್ತೈದರ ಹತ್ತಿರ ರೆಕ್ಕೆ ಬಲಿತವು. ನನಗೆ ಗೊತ್ತಿರುವವರಲ್ಲಿ ಇಷ್ಟು ಯಾರಿಗೂ ಉಳಿದಿಲ್ಲ.

ದುಡ್ಡು ಹೋಗೋದು ಗೂಡಿಗಲ್ಲ, ನೊಣಕ್ಕೆ. ಮೊದಲೆರಡು ಹಂತಕ್ಕೆ ಹಣ್ಣು ನೊಣ, ಆಮೇಲೆ ಮನೆ ನೊಣ, ದೊಡ್ಡ ನೀಲಿ ನೊಣ. ಪ್ಯೂಪಾ, ಅಂದರೆ ನೊಣ ಹೊರಬರುವ ಮುಂಚಿನ ಕೋಶ, ಕೊಂಡು ತಂದಾಗ, ಒಂದು ತಂಡ ಮುಗಿಯುವ ಹೊತ್ತಿಗೆ ಗೂಡಿನ ಮೂರು ಪಟ್ಟು ಖರ್ಚಾಗಿತ್ತು. ಈಗ ನಾನೇ ಬೆಳೆಸುತ್ತೇನೆ, ಖರ್ಚು ಕಾಲು ಭಾಗಕ್ಕಿಳಿದಿದೆ. ನೊಣ ಬಿಡುವ ಮುಂಚೆ ಅವಕ್ಕೆ ಒಂದು ದಿನ ಜೇನು, ಹೂವಿನ ಪರಾಗ ತಿನ್ನಿಸಿ. ಮೂರನೆಯದೂ ಒಂದು ಸೇರಿಸುತ್ತೇನೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಘೋಸ್ಟ್ ಮರಿಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಬೆಳಕು, ತೇವ ಜಾಸ್ತಿ ಕೊಟ್ಟೆ. ಮುಂದಿನ ಪೊರೆಗಳಲ್ಲಿ ಅವುಗಳಲ್ಲಿ ಹಲವು ಹಸಿರಾದವು. ಇನ್ನೊಂದು ಪಾಲು ಕಂದಾಗೇ ಉಳಿಯಿತು. ಮತ್ತೊಂದು ಕಿವಿಯ ವಿಷಯ. ಹಲವು ಮ್ಯಾಂಟಿಸ್‌ಗಳಿಗೆ ಎದೆಯ ಕೆಳಗೆ, ನಡುವೆ ಒಂದೇ ಕಿವಿ ಇದೆ ಅಂತ 1986ರಲ್ಲಿ ಯೇಗರ್ ಮತ್ತು ಹಾಯ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಅದು ಬಾವಲಿಯ ಕೂಗಿನಂಥ, ನಮಗೆ ಕೇಳದ ಸದ್ದಿಗೆ. ಬೀಗದ ಕೈ ಗೊಂಚಲು ಕುಲುಕಿದಾಗಲೂ ಅಂಥ ಸದ್ದು ಹೊರಡುತ್ತದೆ. ಹಾರುತ್ತಿದ್ದ ಹಸಿರು ಮ್ಯಾಂಟಿಸ್ ಗಂಡಿನ ಹತ್ತಿರ ಕುಲುಕಿದೆ. ತಟ್ಟನೆ ತಿರುಗಿ ನೆಲಕ್ಕಿಳಿಯಿತು. ಕೂತಿರುವಾಗ ಕುಲುಕಿದರೆ ಅಲುಗಾಡಲೂ ಇಲ್ಲ.

ಆರ್ಕಿಡ್ ಮ್ಯಾಂಟಿಸ್ ಇಟ್ಟವರಿಗೆ ಒಂದು ಮಾತು. ಹೆಣ್ಣು 6–7 ಸೆಂಟಿಮೀಟರ್ ಬೆಳೆಯುತ್ತದೆ, ಗಂಡು ಅದರ ಅರ್ಧಕ್ಕಿಂತ ಕಡಿಮೆ. ಒಂದೇ ಮೊಟ್ಟೆಗೂಡಿನ ಗಂಡುಗಳು ಹೆಣ್ಣಿಗಿಂತ ಎಷ್ಟೋ ಮುಂಚೆ ಬಲಿತು, ಕಾಯುತ್ತಾ ಮುದಿಯಾಗುತ್ತವೆ. ಗಂಡುಗಳನ್ನು ತಂಪಲ್ಲಿಟ್ಟು ಊಟ ಕಡಿಮೆ ಮಾಡಿ, ಹೆಣ್ಣನ್ನು ಬೆಚ್ಚಗಿಟ್ಟು ಚೆನ್ನಾಗಿ ತಿನ್ನಿಸಿ. ಎಷ್ಟು ಡಿಗ್ರಿ ವ್ಯತ್ಯಾಸ ಅನ್ನೋದು ನೀವೇ ಮಾಡಿ ನೋಡಿದರೆ ಸಿಗುತ್ತದೆ.

ಮರಿ ಹೆಚ್ಚಾದರೆ ದಯವಿಟ್ಟು ಹೊರಗೆ ಬಿಡಬೇಡಿ. ನ್ಯೂಜಿಲೆಂಡಿನಲ್ಲಿ ದಕ್ಷಿಣ ಆಫ್ರಿಕಾದ ಮಿಯೊಮ್ಯಾಂಟಿಸ್ ಎಂಬ ಹೊರಗಿನ ಮ್ಯಾಂಟಿಸ್ ಕಾಣಿಸಿಕೊಂಡದ್ದು 1978ರಲ್ಲಿ. ಅಲ್ಲಿನ ಸ್ವಂತ ಜಾತಿಯ ಗಂಡುಗಳು ಈ ಹೊರಗಿನ ಹೆಣ್ಣುಗಳ ವಾಸನೆಗೆ ಮರುಳಾಗಿ ಹತ್ತಿರ ಹೋಗಿ ಅವಕ್ಕೇ ಊಟವಾಗುತ್ತಿವೆ. ಇಷ್ಟು ಬಗೆಯ ಹುಳಗಳನ್ನು ಪ್ರೀತಿಸುವ ನಾವೇ ಒಂದು ಬಗೆಯನ್ನು ಅಳಿಸುವ ಕೆಲಸ ಮಾಡಬಾರದು, ಅಲ್ವಾ?

ಮುಂದೆ ಪೂರ್ವ ಆಫ್ರಿಕಾದ ಇಡೊಲೊಮ್ಯಾಂಟಿಸ್. ವಯೊಲಿನ್ ಕುಟುಂಬದ್ದೇ, ಆದರೆ ಮೈ ಭಾರ ಜಾಸ್ತಿ, ಪೊರೆ ಬಿಡುವಾಗ ಬೀಳೋದೂ ಜಾಸ್ತಿ. ಅದಕ್ಕೆ ಒಳಗೆಲ್ಲ ಒರಟು ಬಲೆ ಇರುವ, ಇನ್ನೂ ಎತ್ತರದ ಗೂಡು ಹೊಲಿಸಿದ್ದೇನೆ. ಫ್ಯಾನ್ ಮಾತ್ರ ಅದೇ.