ನಿಮ್ಮೂರಿನ ಸೋಡಾ ಫ್ಯಾಕ್ಟರಿಗಳ ಲೆಕ್ಕ ಬರೆದಿಡೋದು ಹೇಗೆ

ಕೋಲಾರ, ಚಿಕ್ಕಬಳ್ಳಾಪುರ ಕಡೆ ಯಾವ ದೊಡ್ಡೂರಿಗೆ ಹೋದ್ರೂ ಬಸ್ ಸ್ಟ್ಯಾಂಡ್ ಹಿಂದ್ಗಡೆಯೋ ಸಂತೆ ಮೈದಾನದ ಪಕ್ಕದಲ್ಲೋ ಒಂದು ಸೋಡಾ ಫ್ಯಾಕ್ಟರಿ ಇರ್ತಿತ್ತು. ಫ್ಯಾಕ್ಟರಿ ಅಂದ್ರೆ ಒಂದು ರೂಮು, ಕೈಯಲ್ಲಿ ತಿರುಗಿಸೋ ಮಿಷನ್ನು, ಗ್ಯಾಸ್ ಸಿಲಿಂಡರು, ನೀರಿನ ತೊಟ್ಟಿ, ಗೋಲಿ ಬಾಟಲಿ ಜೋಡಿಸಿದ ಮರದ ಪೆಟ್ಟಿಗೆಗಳು, ಅಷ್ಟೇ. ಈಗ ಕೆಲವು ಉಳಿದಿವೆ, ಬಹಳಷ್ಟು ಹೋಗಿವೆ. ಇವನ್ನೆಲ್ಲ ಪಟ್ಟಿ ಮಾಡ್ಬೇಕು ಅಂತ ಕಾಲೇಜು ಹುಡುಗ್ರು, ರಿಟೈರ್ಡ್ ಮೇಷ್ಟ್ರುಗಳು ಹೊರಡ್ತಾರೆ, ನನಗೆ ತುಂಬಾ ಖುಷಿ ಆಗುತ್ತೆ. ಆದ್ರೆ ಕೈಗೆ ಬಂದ ಪಟ್ಟಿ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಬೋರ್ಡ್ ಮೇಲಿರೋ ಇಸವಿನ ಹಾಗೇ ಇಳಿಸ್ಕೊಂಡಿರ್ತಾರೆ, ಒಬ್ರದ್ದನ್ನ ಇನ್ನೊಬ್ರು ಕಾಪಿ ಹೊಡೆದಿರ್ತಾರೆ, ಒಂದೇ ಫ್ಯಾಕ್ಟರಿ ಮೂರು ಸಲ ಬಂದಿರುತ್ತೆ, ಯಾವ ಮಾತು ಯಾರು ಹೇಳಿದ್ದು ಅಂತ ಎಲ್ಲೂ ಇರಲ್ಲ. ಅದಕ್ಕೇ ನಾನು ಮಾಡೋ ರೀತಿ ಬರೀತಿದ್ದೀನಿ.

ಮೊದಲನೇದು, ಎಲ್ಲೆ ಹಾಕ್ಕೊಳ್ಳಿ. ಒಂದು ತಾಲ್ಲೂಕು ಸಾಕು. ಜಿಲ್ಲೆ ಲೆಕ್ಕಕ್ಕೆ ಹೋಗ್ಬೇಡಿ, ಯಾಕಂದ್ರೆ ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದೇ 2007ರಲ್ಲಿ, ಅದಕ್ಕೂ ಮುಂಚಿನ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಕಾಗದಗಳಲ್ಲೆಲ್ಲ ಕೋಲಾರ ಜಿಲ್ಲೆ ಅಂತಾನೇ ಇರುತ್ತೆ. ಬಂಗಾರಪೇಟೆ ಹಳೇ ಕಾಗದದಲ್ಲಿ ಬೌರಿಂಗ್‌ಪೇಟೆ. ಊರಿನ ಹೆಸರು ಬರೆದು ಜೊತೆಗೆ ಆಗಿನ ಹೆಸರನ್ನೂ ಬರೀರಿ. ಯಾವುದು ಪಟ್ಟಿಗೆ ಸೇರುತ್ತೆ ಅನ್ನೋದನ್ನೂ ಶುರುವಲ್ಲೇ ತೀರ್ಮಾನ ಮಾಡಿ: ನೀರಿಗೆ ಗ್ಯಾಸ್ ಹಿಡಿಸಿ ಬಾಟಲಿ ತುಂಬೋರು ಮಾತ್ರ. ಏಜೆನ್ಸಿ ತಗೊಂಡು ಮಾರೋರು, ಶರಬತ್ತಿನ ಗಾಡಿಯೋರು ಬೇರೆ.

ಎರಡನೇದು, ಈಗ ನಡೀತಿರೋವು. ಇದು ಸುಲಭ, ಎರಡು ಭಾನುವಾರದ ಕೆಲಸ. ಅಂಗಡಿಗೆ ಹೋಗಿ ಬಾಟಲಿ ಕೊಂಡು ಲೇಬಲ್ ಓದಿ. ತಯಾರಿಸಿದವರು ಯಾರು, ಮಾರಾಟ ಮಾಡೋರು ಯಾರು ಅನ್ನೋದು ಬೇರೆ ಬೇರೆ ಸಾಲಲ್ಲಿರುತ್ತೆ, ತಯಾರಿಸಿದವರ ವಿಳಾಸಾನೇ ನಿಮಗೆ ಬೇಕಾಗಿರೋದು. ಲೇಬಲ್ ಮೇಲಿನ ಎಫ್ಎಸ್ಎಸ್ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ 14 ಅಂಕಿಯದ್ದು. ಮೊದಲನೇ ಅಂಕಿ 1 ಇದ್ರೆ ಲೈಸೆನ್ಸು, 2 ಇದ್ರೆ ಬರೀ ರಿಜಿಸ್ಟ್ರೇಷನ್ನು, ಆಮೇಲಿನ ಎರಡು ಅಂಕಿ ರಾಜ್ಯ (ಕರ್ನಾಟಕಕ್ಕೆ 12), ಅದರ ಮುಂದಿನ ಎರಡು ಇಸವಿ. ಅಂದ್ರೆ 21219 ಅಂತ ಶುರುವಾದ್ರೆ ಕರ್ನಾಟಕದಲ್ಲಿ 2019ರಲ್ಲಿ ಮಾಡಿಸಿದ ರಿಜಿಸ್ಟ್ರೇಷನ್. ಫ್ಯಾಕ್ಟರಿ ಶುರುವಾಗಿದ್ದು 2019ರಲ್ಲಿ ಅಂತಲ್ಲ! ಈ ತಪ್ಪನ್ನ ಎಷ್ಟು ಜನ ಮಾಡ್ತಾರೆ ಅಂದ್ರೆ, ನಲವತ್ತು ವರ್ಷದಿಂದ ಸೋಡಾ ಮಾಡ್ತಿರೋ ಮನೆತನಾನ ಮೊನ್ನೆ ಹುಟ್ಟಿದ್ದು ಅಂತ ಬರೆದುಬಿಟ್ಟಿರ್ತಾರೆ. ಫೋನಿನ ಮ್ಯಾಪಲ್ಲಿ ಹುಡುಕಿ ಪಟ್ಟಿ ಮಾಡೋ ಅಡ್ಡದಾರಿ ಬೇಡವೇ ಬೇಡ, ಅದರಲ್ಲಿ ಮುಚ್ಚಿರೋದು ತೆರೆದಿರುತ್ತೆ, ತೆರೆದಿರೋದು ಇರೋದೇ ಇಲ್ಲ.

ಇನ್ನೊಂದು ಮಾತು, ಕಾರ್ಖಾನೆ ಇಲಾಖೆ ಪಟ್ಟಿಯಲ್ಲಿ ಹುಡುಕಿ ಟೈಮ್ ಹಾಳು ಮಾಡ್ಕೋಬೇಡಿ. 1948ರ ಕಾಯ್ದೆ ಪ್ರಕಾರ ಕರೆಂಟ್ ಬಳಸೋ ಕಡೆ ಹತ್ತು ಜನ, ಕರೆಂಟ್ ಇಲ್ಲದ ಕಡೆ ಇಪ್ಪತ್ತು ಜನ ಕೆಲಸಗಾರರು ಇದ್ರೇನೇ ಅದು ಕಾರ್ಖಾನೆ ಆಗ್ತಿತ್ತು (ಆ ಕಾಯ್ದೆ 2025ರ ನವೆಂಬರಿನವರೆಗೆ ಇತ್ತು). ಗಂಡ ಹೆಂಡ್ತಿ ಒಬ್ಬ ಹುಡುಗ ಸೇರಿ ನಡೆಸೋ ಸೋಡಾ ಫ್ಯಾಕ್ಟರಿ ಅಲ್ಲಿ ಹೇಗೆ ಸಿಗುತ್ತೆ.

ಮೂರನೇದು, ಹಳೇ ಬಾಟಲಿ. ಗಾಜಿನ ಮೇಲೆ ಉಬ್ಬಿರೋ ಅಕ್ಷರ ಇರುತ್ತೆ, ಸವೆದು ಕಾಣಿಸಲ್ಲ. ಸೀಮೆಸುಣ್ಣದ ಪುಡಿ ಸವರಿ, ಬಟ್ಟೆಯಲ್ಲಿ ಹಗುರವಾಗಿ ಒರೆಸಿ, ಬೆಳಗ್ಗೆ ಎಂಟರ ಬಿಸಿಲಿಗೆ ಓರೆಯಾಗಿ ಹಿಡಿದು ಫೋಟೋ ತೆಗೀರಿ. ಫ್ಲ್ಯಾಷ್ ಹಾಕಿದ್ರೆ ಬರೀ ಬೆಳಕು ಬರುತ್ತೆ. ಸ್ಕ್ಯಾನರ್ ಆಪ್‌ಗಳು ಅಂಚು ಕತ್ತರಿಸಿ ಬಣ್ಣ ಬದಲಾಯಿಸ್ತವೆ, ಮಾಮೂಲಿ ಕ್ಯಾಮೆರಾನೇ ಸರಿ. ಅಕ್ಷರ ಹೇಗಿದೆಯೋ ಹಾಗೇ ಬರ್ಕೊಳ್ಳಿ, ಸ್ಪೆಲ್ಲಿಂಗ್ ತಿದ್ದಬೇಡಿ. ಬಾಗೇಪಲ್ಲಿ ಕಡೆ ತೆಲುಗು, ಕೆಜಿಎಫ್‌ನ ಆಂಡರ್ಸನ್‌ಪೇಟೆ ರಾಬರ್ಟ್ಸನ್‌ಪೇಟೆ ಕಡೆ ತಮಿಳು ಇರಬಹುದು, ಓದಕ್ಕೆ ಬರಲಿಲ್ಲ ಅಂದ್ರೆ ಬಲ್ಲವರ ಹತ್ರ ಓದಿಸಿ. ಆನ್‌ಲೈನಲ್ಲಿ ಹಳೇದು ಅಂತ ಮಾರೋ ಬಾಟಲಿಗೆ ದುಡ್ಡು ಹಾಕ್ಬೇಡಿ, ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಬಾಟಲಿ ನಿಮ್ಮ ಪಟ್ಟಿಗೆ ಉಪಯೋಗ ಇಲ್ಲ.

ಬಾಟಲಿ ಸಿಕ್ಕಿದ ಊರಲ್ಲೇ ಫ್ಯಾಕ್ಟರಿ ಇತ್ತು ಅಂತಾನೂ ಬರೀಬೇಡಿ. ಬಾಟಲಿ ತಿರುಗಾಡುತ್ತೆ. ಜಾತ್ರೆಗೆ ಪೆಟ್ಟಿಗೆಗಟ್ಟಲೆ ಹೋಗಿರುತ್ತೆ, ಮುಚ್ಚಿದವರ ಬಾಟಲಿನ ಪಕ್ಕದೂರಿನವರು ಕೊಂಡು ಅದರಲ್ಲೇ ತಮ್ಮ ಸೋಡಾ ತುಂಬಿರ್ತಾರೆ. ಬಾಟಲಿ ಹೇಳೋದು ಇಷ್ಟೇ: ಈ ಹೆಸರಿನವರು ಯಾವಾಗ್ಲೋ ಬಾಟಲಿ ಮಾಡಿಸಿದ್ರು.

ಬೋರ್ಡು, ರಸೀದಿ, ಲೇಬಲ್ ಮೇಲೆ ಕಾಲದ ಗುರುತು ಇರುತ್ತೆ. ಪಿನ್‌ಕೋಡ್ ಇದ್ರೆ ಅದು 1972ರ ಆಗಸ್ಟ್ ಆದಮೇಲಿನದ್ದು. ವಿಳಾಸದಲ್ಲಿ ಮೈಸೂರು ರಾಜ್ಯ ಅಂತಿದ್ರೆ ಸಾಮಾನ್ಯವಾಗಿ 1973ರ ನವೆಂಬರಿಗೆ ಮುಂಚಿನದ್ದು, ಹಳೇ ರಸೀದಿ ಪುಸ್ತಕ ಮುಗಿಯೋವರೆಗೂ ಓಡಿಸಿರಬಹುದು, ಅದೂ ನೆನಪಿರಲಿ. 29ರಿಂದ ಶುರುವಾಗೋ ಜಿಎಸ್‌ಟಿ ನಂಬರ್ ಇದ್ರೆ 2017ರ ಈಚಿನದ್ದು. ಇವೆಲ್ಲ ಆ ಕಾಗದದ ವಯಸ್ಸು, ಫ್ಯಾಕ್ಟರಿ ವಯಸ್ಸಲ್ಲ. ಹಾಗೇ, ನಮ್ಮ ಮುತ್ತಾತ 1860ರಲ್ಲೇ ಗೋಲಿ ಸೋಡಾ ಮಾಡ್ತಿದ್ರು ಅಂತ ಯಾರಾದ್ರೂ ಹೇಳಿದ್ರೆ ಮರ್ಯಾದೆಯಿಂದ ಕೇಳ್ಕೊಳ್ಳಿ, ಆದ್ರೆ ಇಸವಿ ಬರೀಬೇಡಿ, ಇಂಗ್ಲೆಂಡಿನ ಹೈರಮ್ ಕಾಡ್ ಅನ್ನೋರು ಈ ಗೋಲಿ ಬಾಟಲಿಗೆ ಪೇಟೆಂಟ್ ತಗೊಂಡಿದ್ದೇ 1872ರಲ್ಲಿ.

ನಾಲ್ಕನೇದು, ಹಿರಿಯರ ಹತ್ರ ಕೂತು ಕೇಳೋದು. ಯಾವ ಇಸವಿ ಅಂತ ಕೇಳಲೇಬೇಡಿ. ಇಸವಿ ಕೇಳಿದ್ರೆ ಬಾಯಿಗೆ ಬಂದ ರೌಂಡ್ ಫಿಗರ್ ಹೇಳ್ತಾರೆ, 1950, 1960 ಅಂತ. ಅದರ ಬದಲು, ‘ಯಜಮಾನ್ರೇ, ಕೋಕಾಕೋಲಾ ನಿಂತೋಯ್ತಲ್ಲ, ಆಗ ನಿಮ್ಮ ಮಿಷನ್ ಓಡ್ತಿತ್ತಾ?’ ಅಂತ ಕೇಳಿ (ಅದು 1977, ವಾಪಸ್ ಬಂದಿದ್ದು 1993). ಇಂದಿರಾ ಗಾಂಧಿ ತೀರ್ಕೊಂಡ ದಿನ ಅಂಗಡಿ ಮುಚ್ಚಿದ್ರಾ? ರಾಜ್‌ಕುಮಾರ್ ಅವರನ್ನ ವೀರಪ್ಪನ್ ಹಿಡ್ಕೊಂಡು ಹೋದಾಗ? ಕೆಜಿಎಫ್ ಕಡೆಯವರಿಗೆ ಗಣಿ ಮುಚ್ಚಿದ್ದು, 2001ರ ಫೆಬ್ರವರಿ ಕೊನೆ, ಮರೆಯೋ ದಿನವೇ ಅಲ್ಲ. ಸಾರಾಯಿ ನಿಂತಿದ್ದು 2007ರ ಜುಲೈ 1, ಸಾರಾಯಿ ಅಂಗಡಿಗೆ ಸೋಡಾ ಹಾಕ್ತಿದ್ದವರಿಗೆ ಅದೂ ಚೆನ್ನಾಗಿ ನೆನಪಿರುತ್ತೆ. ಹೀಗೆ ಮುಂಚೆ ಹಿಂದೆ ಅಂತ ಕೇಳ್ತಾ ಹೋದ್ರೆ ಹತ್ತು ವರ್ಷದ ಅಂತರ ಎರಡು ಮೂರು ವರ್ಷಕ್ಕೆ ಬರುತ್ತೆ. ನೀರು ಎಲ್ಲಿಂದ ತರ್ತಿದ್ರಿ ಅಂತಾನೂ ಕೇಳಿ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡು, ಗಡಸು ಎರಡೂ ಇದೆ, ಹಳಬರು ಸಿಹಿನೀರಿನ ಬಾವಿ ಹುಡುಕ್ಕೊಂಡು ಹೋಗ್ತಿದ್ರು, ಬಾವಿ ಗೊತ್ತಾದ್ರೆ ಫ್ಯಾಕ್ಟರಿ ಜಾಗ ಗೊತ್ತಾಗುತ್ತೆ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡೋದಾದ್ರೆ ಕೇಳಿ ಮಾಡಿ. ನಾನಂತೂ ಉದ್ದನೇ ನೋಟ್‌ಬುಕ್ಕು, ಪೆನ್ಸಿಲ್ಲು ಬಿಟ್ಟು ಬೇರೇನೂ ಹಿಡಿಯಲ್ಲ, ಫೋನ್ ಎದುರಿಗಿಟ್ರೆ ಮಾತು ಬದಲಾಗುತ್ತೆ.

ಈಗ ಬಂತು ಐದನೇದು, ಇಲ್ಲೇ ಎಲ್ರೂ ಎಡವೋದು. ಎರಡು ಹೆಸರು ಸಿಕ್ಕಿದೆ, ಅದು ಎರಡು ಫ್ಯಾಕ್ಟರಿನಾ ಒಂದೇನಾ?

ಚಿಂತಾಮಣಿ ಕಡೆ ಒಂದೂರಲ್ಲಿ ನನಗೆ ಮೂರು ಹೆಸರು ಸಿಕ್ಕಿತ್ತು. ಊರವರು ಹೇಳೋದು ಬಾವಿ ಸೋಡಾ, ಬಾಟಲಿ ಮೇಲೆ ದೇವರ ಹೆಸರು, ಪುರಸಭೆ ಲೈಸೆನ್ಸಲ್ಲಿ ಇನ್ಯಾರದೋ ಹೆಸರು. ಎಂಟು ತಿಂಗಳು ಅದು ನನ್ನ ಪುಸ್ತಕದಲ್ಲಿ ಮೂರು ಫ್ಯಾಕ್ಟರಿ ಆಗಿತ್ತು. ಕೊನೆಗೆ ಒಂದು ಹಳೇ ಕರೆಂಟ್ ಬಿಲ್ ಸಿಕ್ತು, ಅದರ ಆರ್‌ಆರ್ ನಂಬರೂ (ಕರೆಂಟ್ ಸಂಪರ್ಕದ ಗುರುತಿನ ನಂಬರು) ಈಗ ಗೋಡೌನ್ ಆಗಿರೋ ರೂಮಿನ ಮೀಟರಿನ ಆರ್‌ಆರ್ ನಂಬರೂ ಒಂದೇ. ಬಾವಿ ಪಕ್ಕದ ರೂಮು ಅದೇ, ಬಾಟಲಿ ದೇವರು ಅವರ ಮನೆದೇವರು, ಲೈಸೆನ್ಸಲ್ಲಿ ಇದ್ದಿದ್ದು ಅಳಿಯನ ಹೆಸರು. ಆರ್‌ಆರ್ ನಂಬರ್ ಸಾಮಾನ್ಯವಾಗಿ ಜಾಗಕ್ಕೆ ಅಂಟ್ಕೊಂಡಿರುತ್ತೆ, ಯಜಮಾನ ಬದಲಾದ್ರೂ ಉಳಿಯುತ್ತೆ, ಅದಕ್ಕೇ ಎಲ್ಲೇ ಹೋದ್ರೂ ಹಳೇ ಬಿಲ್ ಇದ್ಯಾ ಅಂತ ಕೇಳ್ತೀನಿ.

ಅವತ್ತಿಂದ ನಾನು ನೋಡೋದು ನಾಲ್ಕು: ಜಾಗ, ಮಿಷನ್ನು, ಮನೆತನ, ಹೆಸರು. ಮೊದಲ ಮೂರರಲ್ಲಿ ಎರಡು ಮುಂದುವರೆದಿದ್ರೆ ಅದೇ ಫ್ಯಾಕ್ಟರಿ, ಹೆಸರು ಏನಾದ್ರೂ ಆಗಲಿ. ಬರೀ ಹೆಸರು ಮಾತ್ರ ಮುಂದುವರೆದಿದ್ರೆ ಅದು ಹೊಸದು. ಮಿಷನ್ ಮಾತ್ರ ಮಾರಾಟ ಆಗಿ ಮುಳಬಾಗಿಲಿಂದ ಶ್ರೀನಿವಾಸಪುರಕ್ಕೆ ಹೋಗಿದ್ರೆ ಅಲ್ಲೂ ಹೊಸದೇ, ಆದ್ರೆ ಮಿಷನ್ ಎಲ್ಲಿಂದ ಬಂತು ಅಂತ ಎರಡೂ ಕಡೆ ಬರೀಬೇಕು.

ಇದಕ್ಕಿಂತ ಕಷ್ಟ ಅಣ್ಣ ತಮ್ಮ ಭಾಗ ಆದಾಗ. ಅಣ್ಣ ಮಿಷನ್ ಇಟ್ಕೊಂಡ, ತಮ್ಮ ಹೆಸರು, ಬಾಟಲಿ ತಗೊಂಡು ಎದುರು ಬೀದಿಯಲ್ಲಿ ಶುರು ಮಾಡಿದ, ಇಬ್ರೂ ನಮ್ಮದೇ ಹಳೇದು ಅಂತಾರೆ. ಮೇಲೆ ಹೇಳಿದ ಲೆಕ್ಕ ಇಲ್ಲಿ ನಡೆಯಲ್ಲ, ನೀವು ಪಂಚಾಯ್ತಿ ಮಾಡಕ್ಕೂ ಹೋಗ್ಬೇಡಿ. ಹಳೇದಕ್ಕೆ ಒಂದು ನಂಬರ್ ಕೊಟ್ಟು ಭಾಗ ಆದ ವರ್ಷಕ್ಕೆ ನಿಲ್ಲಿಸಿ, ಅದರಿಂದ ಎರಡು ಕವಲು ಅಂತ ಎರಡಕ್ಕೂ ಹೊಸ ನಂಬರ್ ಕೊಡಿ. ಇಬ್ರಿಗೂ ನೋವಾಗಲ್ಲ, ಸತ್ಯಾನೂ ಅದೇ.

ಮುಚ್ಚಿದ ವರ್ಷಾನೂ ಒಂದೇ ಇರಲ್ಲ. ಕೊನೇ ಬಾಟಲಿ ತುಂಬಿದ್ದು ಒಂದು ವರ್ಷ, ಲೈಸೆನ್ಸ್ ರಿನ್ಯೂ ಮಾಡಿಸೋದು ಬಿಟ್ಟಿದ್ದು ಇನ್ನೊಂದು, ಬೋರ್ಡ್ ಇಳಿಸಿದ್ದು ಮತ್ತೊಂದು. ಮಧ್ಯದಲ್ಲಿ ಶಿವರಾತ್ರಿಯಿಂದ ಬೇಸಿಗೆ ಮುಗಿಯೋವರೆಗೆ ಮಾತ್ರ ಓಡಿಸಿದ ವರ್ಷಗಳೂ ಇರ್ತವೆ. ಎಲ್ಲಕ್ಕೂ ಬೇರೆ ಬೇರೆ ಕಾಲಂ ಹಾಕಿ.

ಆರನೇದು, ಆಫೀಸು. ನಗರಸಭೆ, ಪುರಸಭೆಯಲ್ಲಿ ಉದ್ದಿಮೆ ಪರವಾನಗಿ ರಿಜಿಸ್ಟರ್ ಇರುತ್ತೆ. ಬಾಯಲ್ಲಿ ಕೇಳಿ, ಕೊಡಲಿಲ್ಲ ಅಂದ್ರೆ ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು, ಆದ್ದರಿಂದ ಊರ ಕಥೆ ಬರೀದೆ ಇಂಥಾ ಇಸವಿಯಿಂದ ಇಂಥಾ ಇಸವಿವರೆಗಿನ ಸೋಡಾ ತಯಾರಿಕೆ ಪರವಾನಗಿ ನಮೂದುಗಳು ಅಂತಷ್ಟೇ ಕೇಳಿ. ಮೂವತ್ತು ದಿನದ ಗಡುವು.

ಕೊನೇದು, ಬರೆಯೋದು. ಒಂದು ಫ್ಯಾಕ್ಟರಿಗೆ ಒಂದು ಹಾಳೆ. ಪ್ರತಿ ಸಾಲಿನ ಮುಂದೆ ಒಂದು ಅಕ್ಷರ ಹಾಕಿ: ಕಾಗದದಲ್ಲಿ ನೋಡಿದ್ದಕ್ಕೆ ‘ಕಾ’, ಮಾಡಿದವರ ಬಾಯಿಂದ ಕೇಳಿದ್ದಕ್ಕೆ ‘ಬಾ’, ಊರವರ ಮಾತಿಗೆ ‘ಊ’. ಎರಡು ಮಾತು ಹೊಂದದೆ ಇದ್ರೆ ಎರಡನ್ನೂ ಬರೀರಿ, ಸರಾಸರಿ ತೆಗೀಬೇಡಿ. ಟೈಪ್ ಮಾಡೋ ಮುಂಚೆ ಆ ಹಾಳೆನ ಆ ಮನೆಯವರಿಗೇ ತಗೊಂಡು ಹೋಗಿ ಓದಿ ಹೇಳಿ, ಕೈಗೆ ಪೆನ್ಸಿಲ್ ಕೊಡಿ. ಹೋದ ವರ್ಷ ಒಬ್ಬ ಅಜ್ಜಿ ನಾನು ಬರೆದಿದ್ದೆಲ್ಲ ಕೇಳಿಸ್ಕೊಂಡು, ‘ಎಲ್ಲಾ ಸರಿ ಕಣಪ್ಪಾ, ಆದ್ರೆ ಮಿಷನ್ ತಿರುಗಿಸ್ತಿದ್ದಿದ್ದು ನಾನು, ಅವರಲ್ಲ’ ಅಂದ್ರು, ಬಲಗೈ ಮೇಲೆ ಬಾಟಲಿ ಸಿಡಿದ ಗಾಯದ ಗುರುತು ತೋರಿಸಿದ್ರು. ಆ ಹಾಳೆಯಲ್ಲಿ ಈಗ ಯಜಮಾನರು ಅನ್ನೋ ಕಾಲಂ ಪಕ್ಕ ಬಾಟಲಿ ತುಂಬಿದವರು ಅಂತ ಇನ್ನೊಂದು ಕಾಲಂ ಇದೆ, ಮಿಕ್ಕ ಹಾಳೆಗಳಿಗೂ ಅದನ್ನ ಕೇಳ್ಕೊಂಡು ಬರಕ್ಕೆ ಮತ್ತೆ ಎಲ್ಲಾ ಮನೆಗೂ ಹೋಗ್ತಿದ್ದೀನಿ.